ಕಾಫಿಯ ಮೇಲೆ ಹೊರಿಸಿದ ತಪ್ಪು

ನನ್ನ ಅಕ್ಕ ಹೊಲಿಗೆ ಕೂದಲೆಳೆಯಷ್ಟೂ ಆಚೀಚೆ ಆಗಲು ಬಿಡುವವಳಲ್ಲ. ತನ್ನ ಎದೆ ಹೊಡೆದುಕೊಂಡರೆ ಮಾತ್ರ ಅದರ ಕಡೆ ಗಮನ ಕೊಡುವವಳಲ್ಲ. ನಮ್ಮಿಬ್ಬರದು ಬಟ್ಟೆ ಸರಿಮಾಡಿಕೊಡುವ ಅಂಗಡಿ: ಜಿಪ್ ಬದಲಿಸುವುದು, ಸೊಂಟ ಬಿಗಿ ಮಾಡುವುದು, ಪ್ಯಾಂಟಿನ ಉದ್ದ ಕಡಿಮೆ ಮಾಡುವುದು. ಈಚೆಗೆ ಅವಳು ಮೆಷಿನ್ ತುಳಿಯುತ್ತಿದ್ದವಳು ನಡುವೆಯೇ ನಿಲ್ಲಿಸಿ, ಎದೆಯ ಮೇಲೆ ಕೈ ಒತ್ತಿಕೊಳ್ಳುತ್ತಿದ್ದಳು.

“ಏನಕ್ಕಾ?”

“ಏನಿಲ್ಲ ಕಣೆ. ಢವಢವ ಅಂತಿದೆ. ಎಲ್ಲಾ ಈ ಹಾಳು ಕಾಫಿ ಮಹಿಮೆ.”

ಡಾಕ್ಟರ ಹತ್ತಿರ ಹೋಗೋಣ ಅಂದರೆ, “ಕಾಫಿ ಬಿಟ್ರೆ ಸರಿ ಹೋಗುತ್ತೆ, ಅದಕ್ಕ್ಯಾಕೆ ಡಾಕ್ಟ್ರು?” ಅನ್ನುತ್ತಿದ್ದಳು. ಆದರೆ ಕಾಫಿ ಬಿಡುತ್ತಿದ್ದಳೇ? ಮಧ್ಯಾಹ್ನದ ಲೋಟ ಸ್ವಲ್ಪ ತಡವಾದರೆ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕುತ್ತಿದ್ದಳು. ನಾಳೆ ಬಿಡ್ತೀನಿ ಅನ್ನುವುದು, ಇವತ್ತು ಕುಡಿಯುವುದು, ಕುಡಿದು ಬೈಯುವುದು. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿದ ಹಾಗೆ, ಏನಾದರೂ ಪಾಪದ ಕಾಫಿಯ ತಲೆಗೇ.

ನನಗೆ ರೇಗಿತು. ರೇಗಿದ್ದಕ್ಕಿಂತ ಭಯವೇ ಹೆಚ್ಚು ಅನ್ನಿ. ನಮ್ಮಮ್ಮ ಅಕ್ಕನ ಈಗಿನ ವಯಸ್ಸಿನಲ್ಲೇ ಹೃದಯಾಘಾತದಿಂದ ಹೋದವಳು. ಕೆಫೀನ್ ತೆಗೆದ ಕಾಫಿಪುಡಿ ತಂದು ಗುಟ್ಟಾಗಿ ಹಳೆಯ ಡಬ್ಬಕ್ಕೇ ಸುರಿದೆ. ತಪ್ಪು ಕಾಫಿಯದೇ ಆಗಿದ್ದರೆ ಇನ್ನು ಎದೆ ಹೊಡೆದುಕೊಳ್ಳಬಾರದು.

ವಾರಗಳು ಕಳೆದರೂ ಅದು ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಮೆಟ್ಟಿಲು ಹತ್ತಿ ಬಂದವಳೇ ಬಟ್ಟೆಯ ಗಂಟು ಇಳಿಸಿ, ಗೋಡೆ ಹಿಡಿದು, “ಕಾಫಿ ಸ್ಟ್ರಾಂಗಾಯ್ತು ಕಣೆ” ಅಂದಳು. ಆ ಕಾಫಿಯಲ್ಲಿ ಕೆಫೀನೇ ಇರಲಿಲ್ಲ.

ಅಂಗಡಿಗೆ ಬೀಗ ಜಡಿದೆ. “ನಡಿ. ಇವತ್ತು ನಿನ್ನ ಮಾತು ನಡೆಯಲ್ಲ.”

ಡಾಕ್ಟರಮ್ಮ ಇಸಿಜಿ, ರಕ್ತಪರೀಕ್ಷೆ ಎಲ್ಲ ಮಾಡಿಸಿದರು. ಮರುದಿನ ವರದಿ ನೋಡಿ ಹೇಳಿದರು: “ಹೃದಯ ಚೆನ್ನಾಗೇ ಇದೆ. ರಕ್ತ ತುಂಬಾ ಕಮ್ಮಿ ಆಗಿದೆ, ಅದಕ್ಕೇ ಹೀಗೆ ಹೊಡ್ಕೊಳ್ತಿರೋದು. ಕಬ್ಬಿಣದ ಮಾತ್ರೆ ಕೊಡ್ತೀನಿ. ಯಾಕೆ ಕಮ್ಮಿ ಆಯ್ತು ಅಂತಾನೂ ನೋಡೋಣ.”

“ಮತ್ತೆ ಕಾಫಿ?” ನಾನೇ ಕೇಳಿದೆ.

“ದಿನಕ್ಕೆ ಎರಡು ಮೂರು ಲೋಟ ಕುಡೀಲಿ. ಹಿತಮಿತವಾಗಿ ಕುಡಿಯೋರಲ್ಲಿ ಹೃದಯದ ಕಾಯಿಲೆ ಸ್ವಲ್ಪ ಕಮ್ಮೀನೇ ಕಂಡುಬಂದಿದೆ. ಹಾಗಂತ ಅದೇನೂ ಔಷಧಿಯಲ್ಲ. ಮಾತ್ರೆ ಜೊತೆ ಮಾತ್ರ ಬೇಡ, ಒಂದೆರಡು ಗಂಟೆ ಬಿಟ್ಟು ಕುಡೀರಿ.”

ಆ ಮಧ್ಯಾಹ್ನ ನಿಜವಾದ ಪುಡಿ ತಂದು ಕಾಫಿ ಮಾಡಿದೆ. ಅಕ್ಕ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು.

“ಅಂತೂ ಬಂತು! ಇಷ್ಟು ದಿನ ಅದೇನು ಸಪ್ಪೆ ನೀರು ಕೊಡ್ತಿದ್ಯೇ?”

“ನಿಂಗೆ ಗೊತ್ತಿತ್ತಾ?”

“ಮೊದಲ್ನೇ ದಿನಾನೇ. ಖಾಲಿ ಪೊಟ್ಟಣ ಕಸದ ಬುಟ್ಟೀಲಿತ್ತು, ಓದ್ದೆ.”

“ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ? ಸುಮ್ನೆ ಕಾಫೀನ ಬೈಕೊಂಡು ಕೂತ್ಯಲ್ಲ!”

ಅಕ್ಕ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಕಾಫಿಯಾದ್ರೆ ಬಿಡಬಹುದು ಕಣೆ. ಅಮ್ಮನ ಹೃದಯಾನೇ ನಂಗೂ ಬಂದಿದ್ರೆ, ಅದನ್ನ ಎಲ್ಲಿ ಬಿಟ್ಟು ಬರ್ಲಿ?”

ಬೈಯಬೇಕೆಂದು ಬಾಯಿ ತೆರೆದವಳು ಅತ್ತುಬಿಟ್ಟೆ.

“ಅಳು ಆಮೇಲೆ. ಕಾಫಿ ಆರುತ್ತೆ,” ಎನ್ನುತ್ತಾ ಅವಳು ನನ್ನ ಲೋಟವನ್ನು ಮುಂದಕ್ಕೆ ತಳ್ಳಿದಳು.