ಕಪ್ಪು ನಿಲುವಂಗಿಯ ಬಗ್ಗೆ ನಾನು ಹೇಳದೆ ಬಿಟ್ಟದ್ದು

ನಮ್ಮ ಹೊಲಿಗೆ ಅಂಗಡಿಗೆ ಬಟ್ಟೆಗಿಂತ ಮೊದಲು ಸುದ್ದಿ ಬರುತ್ತದೆ. ಅಳತೆ ಕೊಡಲು ಕೈ ಎತ್ತಿ ನಿಂತ ಹೆಂಗಸು ಬಾಯಿ ಮುಚ್ಚಿ ನಿಲ್ಲುವುದಿಲ್ಲ. ಯಾರ ಸೊಸೆ ತವರಿಗೆ ಹೋದಳು, ಯಾರ ಮಗ ಕೆಲಸ ಬಿಟ್ಟ, ಎಲ್ಲವೂ ಬರುತ್ತದೆ. ಮೊದಲೆಲ್ಲ ಆ ಸುದ್ದಿ ಬೀದಿ ದಾಟುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಈಗ ಎಲ್ಲರ ಕೈಯಲ್ಲೂ ಫೋನಿದೆ. ನಾನು ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಸುದ್ದಿ ಊರು ಸುತ್ತಿ, ಬಾಲ ಕೊಂಬು ಬೆಳೆಸಿಕೊಂಡು ವಾಪಸು ಬಂದಿರುತ್ತದೆ.

ಅಂಥ ಒಂದು ಸುದ್ದಿಯನ್ನು ಹುಟ್ಟಿಸಿದವಳು ನಾನೇ. ಇದನ್ನು ಬೇರೆ ಯಾರದೋ ಕಥೆ ಎಂದು ಹೇಳಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಮರ್ಯಾದೆ ಉಳಿಸಿಕೊಳ್ಳಲು ಹೋಗಿಯೇ ಇಷ್ಟೆಲ್ಲ ಆದದ್ದು, ಇನ್ನು ಸಾಕು.

ಹತ್ತು ವರ್ಷದ ಹಿಂದೆ ಅಂಗಡಿಯಲ್ಲಿ ಎರಡು ಮಿಷನ್ ಇದ್ದವು. ಒಂದು ನನ್ನದು. ಇನ್ನೊಂದರಲ್ಲಿ ಕಡ್ಡಿಯಂಥ ಒಬ್ಬ ಹುಡುಗಿ ಕೂರುತ್ತಿದ್ದಳು. ಅವಳನ್ನು ಎಲ್ಲರೂ ‘ಸೂಜಿ’ ಎಂದೇ ಕರೆಯುತ್ತಿದ್ದೆವು. ಗುಂಡಿಗೆ ಕಾಜ ಹೊಲಿಯುವುದನ್ನು ಅವಳ ಬೆರಳು ಹಿಡಿದು ಕಲಿಸಿದವಳು ನಾನು.

ಒಂದು ದಿನ ಟಿವಿಯಲ್ಲಿ ಬರುವ ಕುಸ್ತಿಯವನೊಬ್ಬ ಅಂಗಿ ಹೊಲಿಸಲು ಅಂಗಡಿಗೆ ಬಂದ. ಬಣ್ಣದ ದೀಪ, ಹಾಡು, ಜನರ ಕೇಕೆಯ ನಡುವೆ ರಿಂಗಿನೊಳಗೆ ಆಡುವ ಕುಸ್ತಿ ಅದು. ಯಾರು ಒಳ್ಳೆಯವನು, ಯಾರು ಕೆಟ್ಟವನು ಎಂದು ಕುಸ್ತಿ ನಡೆಸುವ ಕಂಪನಿಯೇ ಪಾತ್ರ ಹಂಚುತ್ತದೆ. ಇವನದು ಒಳ್ಳೆಯವನ ಪಾತ್ರ, ರಿಂಗಿನ ಹೆಸರು ‘ಸಿಡಿಲು’. ಎದೆಯ ಸುತ್ತಳತೆ ತೆಗೆಯುವಾಗ ನನ್ನ ಟೇಪು ಮುಗಿಯುವುದರಲ್ಲಿತ್ತು. ಅಳತೆ ತೆಗೆದವಳು ನಾನು, ಕತ್ತರಿಸಿದವಳು ನಾನು, ಹೊಲಿದವಳು ನಾನು. ಗುಂಡಿ ಹಾಕಿದ್ದು ಮಾತ್ರ ಸೂಜಿ. ಅವನು ಮದುವೆಯಾದದ್ದು ಅವಳನ್ನು.

ನನಗೆ ಆಗಲೇ ಮದುವೆಯಾಗಿತ್ತು. ಬಸ್ ಓಡಿಸುವ ನನ್ನ ಗಂಡ ಒಳ್ಳೆಯವನೇ. ಸಿಡಿಲನ್ನು ಕಟ್ಟಿಕೊಳ್ಳುವ ಆಸೆ ನನಗೆ ಕನಸಿನಲ್ಲೂ ಇರಲಿಲ್ಲ. ಆದರೂ ಹೊಟ್ಟೆ ಉರಿಯಿತು. ಅವಳು ಕಾರಿನಿಂದ ಇಳಿದು ಬಂದಾಗ ಉರಿಯಿತು. ಅವಳ ಬೆರಳ ತುದಿಯ ಚುಚ್ಚು ಗಾಯಗಳು ಮಾಯವಾಗಿ ಉಗುರಿಗೆ ಬಣ್ಣ ಬಂದಾಗ, ನನ್ನ ಬೆರಳು ಹಾಗೇ ಉಳಿದಾಗ ಇನ್ನಷ್ಟು ಉರಿಯಿತು. ಅವಳು ಸೊಕ್ಕಿನವಳಾಗಿದ್ದರೆ ಬೈದುಕೊಂಡು ಹಗುರಾಗುತ್ತಿದ್ದೆ. ಅವಳೋ ಮೊದಲಿನಂತೆಯೇ ‘ಅಕ್ಕ’ ಎನ್ನುತ್ತಿದ್ದಳು, ಗಂಡನ ರಿಂಗಿನ ಬಟ್ಟೆಗಳನ್ನೆಲ್ಲ ನನಗೇ ತಂದುಕೊಡುತ್ತಿದ್ದಳು. ಮಗಳು ಶಾಲೆಗೆ ಸೇರಿದಾಗ ಮಗುವಿನ ಹೆಗಲಚೀಲದ ಮೇಲೆ ‘ಸಿಡಿಲಿನ ಮಗಳು’ ಎಂದು ಹಳದಿ ದಾರದಲ್ಲಿ ಹಾಕಿಸಿಕೊಂಡು ಹೋಗಿದ್ದಳು. ಒಂದೊಂದು ಅಕ್ಷರಕ್ಕೂ ನಾನು ಹಲ್ಲು ಕಚ್ಚಿದ್ದೆ.

ಈ ವರ್ಷ ಒಂದು ಬೆಳಿಗ್ಗೆ ಸೂಜಿ ಕಪ್ಪು ಬಟ್ಟೆ ತಂದಳು. ಮುಸುಕು ಇರುವ ಉದ್ದನೆಯ ನಿಲುವಂಗಿ ಬೇಕಿತ್ತು.

“ಅಕ್ಕ, ಬೇಗ ಬೇಕು. ಯಾರಿಗೂ ಹೇಳ್ಬೇಡಿ,” ಎಂದಳು. “ಇನ್ನು ಮೇಲೆ ಅವ್ರು ರಿಂಗಲ್ಲಿ ಕೆಟ್ಟವನ ಪಾತ್ರ ಮಾಡ್ತಾರಂತೆ. ಜನಕ್ಕೆ ಮೊದಲೇ ಗೊತ್ತಾದ್ರೆ ಮಜಾ ಇರಲ್ಲ.”

ಎರಡೂ ಭುಜಕ್ಕೆ ವೆಲ್ಕ್ರೋ ಬೇಕೆಂದಳು. ಚಪ್ಪಲಿಗೆ ಇರುತ್ತದಲ್ಲ, ಎಳೆದರೆ ಕರ್ರೆಂದು ಬಿಚ್ಚಿಕೊಳ್ಳುವ ಪಟ್ಟಿ, ಅದು. ರಿಂಗಿನ ನಡುವೆ ನಿಂತು ಒಂದೇ ಎಳೆತಕ್ಕೆ ನಿಲುವಂಗಿ ಕಿತ್ತೆಸೆಯಬೇಕು. ಭುಜದ ಎರಡೂ ಪಟ್ಟಿಗಳನ್ನು ನಾನೇ ಮೂರು ಮೂರು ಸಾಲು ಹೊಲಿಗೆ ಹಾಕಿ ಗಟ್ಟಿ ಮಾಡಿದೆ. ಈ ಮಾತು ನೆನಪಿಟ್ಟುಕೊಳ್ಳಿ.

ಹತ್ತು ದಿನ ಕಳೆದಿರಲಿಲ್ಲ, ಸಿಡಿಲಿನ ತಮ್ಮ ತೀರಿಕೊಂಡ. ಅಣ್ಣನ ಮನೆಯಲ್ಲೇ ಇದ್ದ ಹುಡುಗ. ಸೋರುತ್ತಿದ್ದ ನೀರಿನ ಟ್ಯಾಂಕ್ ನೋಡಲು ಮಹಡಿ ಹತ್ತಿ ಜಾರಿ ಬಿದ್ದಿದ್ದ. ಪಕ್ಕದ ಕಟ್ಟಡದಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಮೇಸ್ತ್ರಿ ಕಣ್ಣಾರೆ ಕಂಡಿದ್ದ. ಸಿಡಿಲು ಆ ಹೊತ್ತಿಗೆ ಬೇರೆ ಊರಿನಲ್ಲಿ ಸಾವಿರಾರು ಜನರೆದುರು ರಿಂಗಿನಲ್ಲಿದ್ದ.

ಸುದ್ದಿ ಕೇಳಿದಾಗ ಅಯ್ಯೋ ಎಂದೆ, ಕಣ್ಣಲ್ಲಿ ನೀರೂ ಬಂತು. ಆದರೆ ಒಳಗೆಲ್ಲೋ ಒಂದು ಮೂಲೆ ತಣ್ಣಗಾಯಿತು. ಅವಳಿಗೂ ಒಂದು ಕಷ್ಟ ಬಂತಲ್ಲ ಎನ್ನಿಸಿತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಹಾಗನ್ನಿಸಿದ್ದು ನಿಜ.

ಅಂಗಡಿಯ ಸ್ಟೂಲಿನ ಮೇಲೆ ಕೂತು ಗುಂಡಿ ಹಾಕಿಕೊಡುವ ನನ್ನ ಅತ್ತೆಗೆ ಫೋನಿನ ವಿಡಿಯೋ ಹುಚ್ಚು. ಎರಡೇ ದಿನಕ್ಕೆ ಅವರ ಫೋನು ಸಿಡಿಲಿನ ಮನೆ ಸುದ್ದಿಯಿಂದ ತುಂಬಿಹೋಯಿತು. ಮುಖ ಕಾಣದ ಯಾರೋ ಭಾರದ ದನಿಯಲ್ಲಿ ‘ಇದು ಬರೀ ಅಪಘಾತವೇ?’ ಎಂದು ಕೇಳುತ್ತಿದ್ದರು. ಇನ್ನೊಬ್ಬರು ಸೂಜಿಗೂ ಮೈದುನನಿಗೂ ಸಂಬಂಧ ಕಟ್ಟಿದ್ದರು.

“ನಿಂಗೆ ಆ ಮನೆಯವರು ಗೊತ್ತಲ್ಲ. ಏನಂತೆ ಒಳಗಿನ ವಿಷಯ?” ಎಂದು ಅತ್ತೆ ಕೇಳಿದರು.

ನಮ್ಮ ಹೊಲಿಗೆಯವರ ವಾಟ್ಸ್ಆ್ಯಪ್ ಗುಂಪಿನಲ್ಲೂ ಅದೇ ಪ್ರಶ್ನೆ. ಅರವತ್ತು ಜನ ಹೆಂಗಸರು ನನ್ನ ಬಾಯಿ ನೋಡುತ್ತ ಕೂತಿದ್ದರು. ಅಲ್ಲಿಯವರೆಗೆ ನಾನು ಏನು ಬರೆದರೂ ಒಂದು ಹೆಬ್ಬೆರಳಿನ ಗುರುತು ಕೂಡ ಯಾರೂ ಹಾಕಿದವರಲ್ಲ. ಬರೆದೆ: ‘ನಾನು ನೋಡಿದ್ದಷ್ಟೇ ಹೇಳ್ತೀನಿ. ಸಾವಿಗೆ ಮೊದಲೇ ಆ ಮನೆಯವರು ಕಪ್ಪು ಬಟ್ಟೆ ಹೊಲಿಸಿದ್ದಾರೆ. ಬೇಗ ಬೇಕು, ಯಾರಿಗೂ ಹೇಳಬೇಡಿ ಅಂದಿದ್ದಾರೆ. ನೀವೇ ಯೋಚನೆ ಮಾಡಿ.’

ಒಂದೇ ಒಂದು ಸುಳ್ಳು ಪದ ಅದರಲ್ಲಿಲ್ಲ. ಟಿವಿಯಲ್ಲಿ ದೊಡ್ಡ ಮನೆಯವರು ಸಾವಿಗೆ ಕಪ್ಪು ಉಡುವುದನ್ನು ಕಂಡವರಿಗೆ ಅಷ್ಟು ಸಾಕಿತ್ತು. ಪಾತ್ರ ಬದಲಾದದ್ದನ್ನು ಬರೆಯಲಿಲ್ಲ. ವೆಲ್ಕ್ರೋ ವಿಷಯ ಬರೆಯಲಿಲ್ಲ. ಭುಜಕ್ಕೆ ವೆಲ್ಕ್ರೋ ಹಾಕಿಸಿಕೊಂಡು ಯಾರೂ ಸಾವಿನ ಮನೆಯಲ್ಲಿ ನಿಲ್ಲುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ನನ್ನ ಹೊಟ್ಟೆಕಿಚ್ಚಿಗೆ ಹೊಂದದ್ದನ್ನು ಕತ್ತರಿಸಿ ಕೆಳಗೆ ಹಾಕಿದೆ, ಅಷ್ಟೆ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಸಂಜೆಯೊಳಗೆ ನನ್ನ ಮೂರು ಸಾಲು ನನಗೇ ಬೇರೆ ಐದು ಕಡೆಯಿಂದ ಬಂತು. ಮರುದಿನ ‘ಕಪ್ಪು ಬಟ್ಟೆಯ ರಹಸ್ಯ’ ಎಂದು ವಿಡಿಯೋ ಆಯಿತು. ಸಿಡಿಲು ಬೇರೆ ಊರಲ್ಲಿದ್ದನಲ್ಲ ಎಂದು ಯಾರೋ ಕೇಳಿದರೆ, ರಿಂಗಿನಲ್ಲಿದ್ದವನು ಅವನಲ್ಲ, ಅವನಂತೆ ಕಾಣುವವನು ಎಂದು ಇನ್ಯಾರೋ ಉತ್ತರ ಕೊಟ್ಟರು. ಜನ ಫೋನ್ ಹಿಡಿದು ಅವರ ಗೇಟಿನ ಮುಂದೆ ನಿಂತರು. ನಾನು ಪ್ರತಿ ಅರ್ಧ ಗಂಟೆಗೊಮ್ಮೆ ಫೋನ್ ತೆಗೆದು ನೋಡುತ್ತಿದ್ದೆ. ಖುಷಿಯಾಗುತ್ತಿತ್ತು ಎಂದೇ ಹೇಳಬೇಕು.

ಆ ವಾರ ಆರೋಗ್ಯ ಕೇಂದ್ರದ ನರ್ಸಮ್ಮ ಸಮವಸ್ತ್ರದ ತೋಳು ಬಿಗಿಯಾಗಿದೆ ಎಂದು ಅಂಗಡಿಗೆ ಬಂದರು. ಅತ್ತೆ ಬಿಡುತ್ತಾರೆಯೇ, ಫೋನನ್ನು ಅವರ ಮೂಗಿಗೇ ಹಿಡಿದರು.

ನರ್ಸಮ್ಮ ಪೂರ್ತಿ ನೋಡಿ ಕೇಳಿದರು, “ಇದನ್ನ ಕಂಡೋರು ಯಾರಮ್ಮಾ?”

“ಎಲ್ಲಾರೂ ಹೇಳ್ತಿದಾರಲ್ಲ.”

“ಹೇಳ್ತಿರೋರು ಎಲ್ಲಾರೂ. ಕಂಡೋರು ಯಾರು ಅಂತ ಕೇಳ್ದೆ.”

ಅತ್ತೆ ಸೋಲುವವರಲ್ಲ. “ಬೆಂಕಿ ಇಲ್ದೆ ಹೊಗೆ ಬರುತ್ತಾ ನರ್ಸಮ್ಮ?”

“ಬರಲ್ಲ. ಆದ್ರೆ ಬೆಂಕಿ ಎಲ್ಲಿದೆ ಅಂತ ನೋಡ್ಬೇಕಲ್ಲ. ಎಷ್ಟೋ ಸಲ ಅದು ಸುದ್ದಿ ಹೇಳೋರ ಹೊಟ್ಟೇಲೇ ಇರುತ್ತೆ.”

ನನ್ನ ಕಾಲು ಮಿಷನ್ನಿನ ಮೇಲೆ ನಿಂತುಬಿಟ್ಟಿತು. ಅವರು ನನ್ನ ಕಡೆ ನೋಡಿಯೂ ಇರಲಿಲ್ಲ.

“ಲಸಿಕೆ ಹಾಕೋಕೆ ಹೋದಾಗ ನಂಗೂ ಹೀಗೇ ಆಗಿತ್ತು,” ಎಂದರು ಅವರು. “ಎಲ್ಲಿಂದಲೋ ಬಂದ ಫೋಟೋ, ಯಾವುದೋ ಮಗು. ಲಸಿಕೆಯಿಂದಾನೇ ಹೀಗಾಯ್ತು ಅಂತ ಕೆಳಗೊಂದು ಸಾಲು. ಮೂರು ತಿಂಗಳು ಒಬ್ಬರೂ ಬಾಗಿಲು ತೆಗೀಲಿಲ್ಲ. ಫೋಟೋ ನಿಜಾನೇ ಅಮ್ಮ. ಕೆಳಗಿನ ಸಾಲು ಸುಳ್ಳು. ಪೂರ್ತಿ ಸುಳ್ಳಾದ್ರೆ ಹಿಡಿಯೋದು ಸುಲಭ. ಅರ್ಧ ನಿಜ ಇದ್ರೆ ಕಷ್ಟ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ನೆ ಅಂದ್ರಾ?”

“ನಮಗೇನು, ಬಂದಿದ್ದನ್ನ ಕಳಿಸ್ತೀವಿ,” ಎಂದೆ ನಾನು. ದನಿ ನನಗೇ ಒರಟಾಗಿ ಕೇಳಿಸಿತು.

“ಕಳಿಸೋಕೆ ಮುಂಚೆ, ಇದು ನಮ್ಮನೆ ಸಾವಾಗಿದ್ರೆ ಅಂತ ಒಂದ್ಸಲ ಅಂದ್ಕೊಳ್ಳಿ. ನಾನು ಅಷ್ಟೇ ಮಾಡೋದು,” ಎಂದು ಅವರು ತೋಳಿನ ಹೊಲಿಗೆ ಬಿಚ್ಚಿಸಿಕೊಂಡು ಹೋದರು.

ಇಷ್ಟು ಕೇಳಿದ ಮೇಲಾದರೂ ನಾನು ಸರಿಹೋದೆ ಎಂದುಕೊಳ್ಳಬೇಡಿ. ದೊಡ್ಡ ಬುದ್ಧಿವಂತೆ ಎಂದು ಅವರ ಬೆನ್ನ ಹಿಂದೆ ಮೂತಿ ತಿರುಗಿಸಿದೆ.

ಮರುದಿನ ಮಧ್ಯಾಹ್ನ ಸೂಜಿ ಬಂದಳು. ಕಾರಿರಲಿಲ್ಲ, ತಲೆಗೆ ಸೆರಗು ಎಳೆದುಕೊಂಡು ನಡೆದೇ ಬಂದಿದ್ದಳು. ಹಳೆಯ ಸೂಜಿಯೇ ಆಗಿದ್ದಳು, ಅಷ್ಟು ಇಳಿದುಹೋಗಿದ್ದಳು. ಕೈಯಲ್ಲಿ ಮಗಳ ಚೀಲ.

“ಅಕ್ಕ, ಈ ಅಕ್ಷರ ಬಿಚ್ಚಿಕೊಡಿ,” ಎಂದಳು. “ಶಾಲೇಲಿ ಮಕ್ಕಳು, ನಿಮ್ಮಪ್ಪನೇ ಚಿಕ್ಕಪ್ಪನ್ನ ತಳ್ಳಿದ್ದಂತೆ, ಹೌದಾ ಅಂತ ಕೇಳ್ತಾರಂತೆ. ಪಕ್ಕದಲ್ಲಿ ಯಾರೂ ಕೂರಲ್ವಂತೆ. ಚೀಲ ಮನೇಲಿಟ್ಟು ಪುಸ್ತಕ ಎದೆಗವುಚಿಕೊಂಡು ಹೋಗ್ತಿದೆ ಮಗು. ಹೆಸರು ತೆಗೆದ್ರೆ ಒಯ್ತೀನಿ ಅಂತು.”

ನಾನು ಬ್ಲೇಡು ತೆಗೆದುಕೊಂಡೆ. ಅವಳ ಮುಖ ನೋಡಬಾರದೆಂದು ತಲೆ ತಗ್ಗಿಸಿ ಬಿಚ್ಚತೊಡಗಿದೆ. ‘ಸಿಡಿಲಿನ’ ಎಂಬುದು ಮುಗಿಯಿತು. ಹಳದಿ ದಾರ ತೊಡೆಯ ಮೇಲೆ ಬಿತ್ತು, ಬಟ್ಟೆಯಲ್ಲಿ ಸಣ್ಣ ಸಣ್ಣ ತೂತುಗಳು ಸಾಲಾಗಿ ಉಳಿದವು.

“ಅವ್ರು ಊಟ ಬಿಟ್ಟಿದಾರೆ. ತಮ್ಮನ್ನ ಎತ್ತಿ ಆಡಿಸಿ ಬೆಳೆಸಿದೋರು,” ಎಂದು ಸೂಜಿ ಹೇಳುತ್ತಲೇ ಇದ್ದಳು. “ಯಾರೋ ಆ ಕಪ್ಪು ನಿಲುವಂಗಿ ವಿಷಯ ಹೊರಗೆ ಬಿಟ್ಟಿದಾರಕ್ಕ. ಕಂಪನಿಯವರೇ ಇರ್ಬೇಕು. ನಿಮ್ಮ ಮೇಲೆ ಅನುಮಾನ ಪಟ್ರು ನಮ್ಮನೇಲಿ. ನಾನೇ ಅಂದೆ, ಅಕ್ಕ ಅಲ್ಲ. ವೆಲ್ಕ್ರೋ ಹೊಲಿದೋರೇ ಅವ್ರು. ಅದು ಆಟದ ಬಟ್ಟೆ ಅಂತ ಅವ್ರಿಗೆ ಗೊತ್ತು. ಗೊತ್ತಿರೋರು ಹಾಗೆ ಹೇಳ್ತಾರಾ?”

ಬ್ಲೇಡು ನನ್ನ ಬೆರಳಿಗೆ ತಾಗಿತು. ಅತ್ತೆ ಗುಂಡಿ ಹಾಕುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

“ನಾನೇ ಬರೆದಿದ್ದು,” ಎಂದೆ.

ಸೂಜಿಗೆ ಮೊದಲು ಅರ್ಥವಾಗಲಿಲ್ಲ.

“ಗುಂಪಲ್ಲಿ ನಾನೇ ಬರೆದೆ. ಗೊತ್ತಿದ್ದೇ ಬರೆದೆ. ವೆಲ್ಕ್ರೋ ವಿಷಯ ಬೇಕಂತಲೇ ಬಿಟ್ಟೆ. ನಿನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು ಕಣೇ. ಹತ್ತು ವರ್ಷದಿಂದ.”

ಅವಳು ಅರ್ಧ ಬಿಚ್ಚಿದ ಚೀಲವನ್ನು ನನ್ನ ತೊಡೆಯಿಂದ ಎತ್ತಿಕೊಂಡಳು. ಅದರ ಮೇಲೆ ‘ಮಗಳು’ ಎಂದಷ್ಟೇ ಉಳಿದಿತ್ತು. “ನನ್ನ ಬೈದಿದ್ರೆ ತಡ್ಕೊಳ್ತಿದ್ದೆ ಅಕ್ಕ. ನಿಮಗೆ ಆ ಹಕ್ಕಿತ್ತು,” ಎಂದು ಹೊರಟುಹೋದಳು.

ಸಂಜೆ ನನ್ನ ಗಂಡ ಕೆಲಸ ಮುಗಿಸಿ ಬಂದಾಗ ಎಲ್ಲ ಹೇಳಿದೆ. ಅವನು ಮೊದಲು ಹೆದರಿದ. “ಈಗ ನೀನೇ ಅಂತ ಹೇಳ್ಕೊಂಡ್ರೆ ಯಾರು ಬಟ್ಟೆ ಕೊಡ್ತಾರೆ? ನಾಲ್ಕು ದಿನ ಸುಮ್ನಿರು, ಜನ ಮರೀತಾರೆ.”

ಉತ್ತರ ಕೊಟ್ಟದ್ದು ಅತ್ತೆ. “ಜನ ಮರೀತಾರೆ ಕಣೋ. ಆ ಮಗು ಮರೆಯುತ್ತಾ? ನಾನೂ ಅದನ್ನ ಇಪ್ಪತ್ತು ಜನಕ್ಕೆ ಕಳಿಸಿದೀನಿ. ಅವಳು ಮಾತಾಡ್ಲಿ, ಆಮೇಲೆ ನಾನೂ ಮಾತಾಡ್ತೀನಿ.”

ಗಂಡ ತಲೆ ಕೆರೆದುಕೊಂಡ. ಆಮೇಲೆ ವಿಡಿಯೋ ತೆಗೆಯಲು ಫೋನನ್ನು ಅವನೇ ಹಿಡಿದುಕೊಂಡ.

ಬರೆದರೆ ಸಾಲದು ಎನ್ನಿಸಿ ಮುಖ ತೋರಿಸಿ, ನನ್ನದೇ ದನಿಯಲ್ಲಿ, ಅಂಗಡಿಯ ಗುರುತು ಹೇಳಿ ಮಾತಾಡಿದೆ. ಯಾರು ಹೊಲಿಸಿದರು, ಯಾಕೆ ಹೊಲಿಸಿದರು, ನಾನು ಏನನ್ನು ಬಿಟ್ಟೆ, ಯಾಕೆ ಬಿಟ್ಟೆ ಎಲ್ಲ ಹೇಳಿದೆ. ವೆಲ್ಕ್ರೋ ತುಂಡೊಂದನ್ನು ಕರ್ರೆಂದು ಎಳೆದು ತೋರಿಸಿದೆ. ಆ ವಿಡಿಯೋವನ್ನು ಅದೇ ಗುಂಪಿಗೆ ಹಾಕಿದೆ. ಮರುದಿನ ಶಾಲೆಗೆ ಹೋಗಿ ಟೀಚರ್ ಮುಂದೆಯೂ ಅದನ್ನೇ ಹೇಳಿದೆ.

ನನ್ನ ಸುಳ್ಳು ಲಕ್ಷ ಜನರ ಹತ್ತಿರ ಹೋಗಿತ್ತು. ನಿಜ ಹೋದದ್ದು ಕೆಲವು ನೂರು ಜನರ ಹತ್ತಿರ. ಕೆಲವರು ‘ಇವಳಿಗೆ ಬಾಯಿ ಮುಚ್ಚಿಸಿದ್ದಾರೆ’ ಎಂದು ಹೊಸ ಕಥೆ ಕಟ್ಟಿದರು. ಒಂದಷ್ಟು ಗಿರಾಕಿಗಳು ಬಿಟ್ಟುಹೋದರು. ಆದರೆ ನಮ್ಮ ಬೀದಿಯವರು ಕೇಳಿದರು, ಶಾಲೆಯವರು ಕೇಳಿದರು. ಗೇಟಿನ ಮುಂದಿನ ಜನ ಕರಗಿದರು. ಅತ್ತೆಯಂತೂ ಬದಲಾಗಿಬಿಟ್ಟಿದ್ದಾರೆ. ಅಳತೆಗೆ ನಿಂತವರು ಸುದ್ದಿ ಶುರು ಮಾಡಿದರೆ ಸಾಕು, ಕನ್ನಡಕ ಸರಿಮಾಡಿಕೊಂಡು “ನೀನು ಕಂಡ್ಯಾ?” ಎನ್ನುತ್ತಾರೆ. ಅರ್ಧ ಜನ ಅಲ್ಲೇ ಸುಮ್ಮನಾಗುತ್ತಾರೆ.

ಒಂದೂವರೆ ತಿಂಗಳಾದ ಮೇಲೆ ಸೂಜಿಯ ಮಗಳು ಅಂಗಡಿಯೊಳಗೆ ಬಂದು ಚೀಲವನ್ನು ಮಿಷನ್ ಮೇಲಿಟ್ಟಳು. “ಅಪ್ಪನ ಹೆಸರು ಮತ್ತೆ ಹಾಕ್ಬೇಕಂತೆ. ಮೊದಲಿಗಿಂತ ದೊಡ್ಡದಾಗಿ,” ಎಂದಳು. ಹಳೆಯ ತೂತುಗಳು ಕಾಣದಂತೆ ದಪ್ಪ ದಾರದಲ್ಲಿ ಹಾಕಿಕೊಟ್ಟೆ. ಬೆರಳಿನಿಂದ ಮುಟ್ಟಿದರೆ ಅವು ಇನ್ನೂ ತಿಳಿಯುತ್ತವೆ. ಸೂಜಿ ಒಳಗೆ ಬರಲಿಲ್ಲ, ಬಾಗಿಲಾಚೆಯೇ ನಿಂತಿದ್ದಳು.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣಂದಿರೇ, ನಿಮ್ಮ ಫೋನಿಗೂ ಯಾರದೋ ಮನೆಯ ಸಾವಿನ ಸುದ್ದಿ ಇವತ್ತೋ ನಾಳೆಯೋ ಬರುತ್ತದೆ. ಆ ಮನೆಯವರು ಹೆಸರುವಾಸಿಗಳಾದರೆ ಬೇಗ ಬರುತ್ತದೆ. ಅದನ್ನು ಕಂಡವರು ಯಾರು ಎಂದು ಕೇಳಿ. ಹೇಳದೆ ಬಿಟ್ಟದ್ದೇನು ಎಂದು ಕೇಳಿ. ಅದಕ್ಕೂ ಮೊದಲು ನಿಮ್ಮ ಹೊಟ್ಟೆಯನ್ನೇ ಒಮ್ಮೆ ಕೇಳಿ, ಅಲ್ಲೇನಾದರೂ ಉರಿಯುತ್ತಿದೆಯೇ ಎಂದು. ಗೊತ್ತಿಲ್ಲದಿದ್ದರೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಕಳಿಸಿದ ಜಾಗದಲ್ಲೇ ತಪ್ಪಾಯಿತು ಎನ್ನಿ, ಇವತ್ತೇ ಎನ್ನಿ. ಆ ಮೂರು ಸಾಲು ಬರೆಯಲು ನನಗೆ ಒಂದು ನಿಮಿಷವೂ ಹಿಡಿದಿರಲಿಲ್ಲ. ಸೂಜಿ ಇವತ್ತಿಗೂ ಬಾಗಿಲಾಚೆಯೇ ನಿಲ್ಲುತ್ತಾಳೆ.