ಒಳಮೂಲೆಯ ದುಂಡು

ಬಲೆಯ ಕಣ್ಣನ್ನು ನಾಲ್ಕು ಮಿಲಿಮೀಟರಿಗೆ ಇಳಿಸಿದ. ಒತ್ತಡ ಇನ್ನೂರ ನಲವತ್ತನಾಲ್ಕು. ಎರಡಕ್ಕೆ ಇಳಿಸಿದ. ಮುನ್ನೂರ ಮೂವತ್ತನಾಲ್ಕು. ಮೊಲೆಫಿ ರಂತಾವೊ ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಪರದೆಯ ಮೇಲಿನ ಕೆಂಪು ಚುಕ್ಕೆಯನ್ನು ಕರೆಯದೆ ಬಂದ ನೆಂಟನನ್ನು ನೋಡುವಂತೆ ನೋಡಿದ.

ಬೆಳಿಗ್ಗೆ ಎಂಟು ಮಿಲಿಮೀಟರಿನಲ್ಲಿ ಅದು ನೂರ ಎಪ್ಪತ್ತೆಂಟು ಇತ್ತು. ಇನ್ನೂರು ದಾಟಬಾರದೆಂಬುದು ನಿಯಮ. ಅಲ್ಲಿಗೇ ನಿಲ್ಲಿಸಿ ಸಹಿ ಹಾಕಿದ್ದರೆ ಇಷ್ಟು ಹೊತ್ತಿಗೆ ಗೇಟಿನ ಬಳಿ ಹೆಂಗಸು ಕರಿಯುವ ಹಿಟ್ಟಿನುಂಡೆ, ಬಿಸಿ ಮಗ್ವಿನ್ಯ ತಿಂದು ಕೈ ಒರೆಸಿಕೊಂಡಿರುತ್ತಿದ್ದ. ಓದಿದವನ ಹಣೆಬರಹ. ಇನ್ನಷ್ಟು ಸೂಕ್ಷ್ಮವಾಗಿ ನೋಡೋಣ ಅನ್ನಿಸಿತು.

ಅವನ ಕೆಲಸವೇ ಅದು. ಉಕ್ಕಿನ ವಸ್ತುವಿನ ಚಿತ್ರವನ್ನು ಕಂಪ್ಯೂಟರಿನಲ್ಲಿಟ್ಟು, ಅದರ ಮೈಗೆಲ್ಲ ಬಲೆ ಹೊದಿಸಿ, ಬಲೆಯ ಒಂದೊಂದು ಕಣ್ಣಿನಲ್ಲೂ ಎಷ್ಟು ಒತ್ತಡವೆಂದು ಲೆಕ್ಕ ಹಾಕಿಸುವುದು. ಕಣ್ಣನ್ನು ಸಣ್ಣದು ಮಾಡುತ್ತ ಹೋದಂತೆ ಉತ್ತರ ಒಂದು ಕಡೆ ನಿಲ್ಲಬೇಕು, ಪರದೆಯ ನಕ್ಷೆಯಲ್ಲಿ ಅದರ ಗೀಟು ಅಡ್ಡ ಮಲಗಬೇಕು. ನಿಂತದ್ದು ಸತ್ಯ ಎಂದು ಜರ್ಮಿಸ್ಟನ್ ಊರಿನ ಆ ಕಚೇರಿಯಲ್ಲಿ ಎಲ್ಲರೂ ಒಪ್ಪಿಕೊಂಡಿದ್ದರು. ಈ ಸಲದ ವಸ್ತು ಪ್ಲಾಟಿನಂ ಗಣಿಯೊಂದರಲ್ಲಿ ಕೆಲಸಗಾರರನ್ನು ಇಳಿಸುವ ಕೇಜನ್ನು ಹಗ್ಗಕ್ಕೆ ತೂಗುಹಾಕುವ ಬ್ರಾಕೆಟ್ಟು. ಅದನ್ನು ನಂಬಿ ಒಂದು ಸಲಕ್ಕೆ ಅರವತ್ತು ಜನ ಒಂದು ಕಿಲೋಮೀಟರ್ ಕೆಳಗಿಳಿಯುತ್ತಾರೆ. ನಾಲ್ಕು ಗಂಟೆಗೆ ಅದು ಲಾರಿ ಹತ್ತಬೇಕು, ಮೊಲೆಫಿಯ ಸಹಿಯಿರುವ ವರದಿಯ ಜೊತೆ.

ಒಂದಕ್ಕೆ ಇಳಿಸಿದ. ನಾನೂರ ಐವತ್ತೆಂಟು.

"ಏನಣ್ಣ, ಇವತ್ತು ಗಣಿ ಮುಚ್ಚಿಸ್ತೀಯಾ?" ಪಕ್ಕದ ಮೇಜಿನ ಜೊಲೆಕಾ ಕತ್ತು ಚಾಚಿದಳು.

"ನಿಲ್ತಾ ಇಲ್ಲ."

"ಹೆಂಗೆ ನಿಲ್ಲತ್ತೆ? ಆ ಒಳಮೂಲೆ ನೋಡು, ಚಾಕು ಥರ ಇದೆ. ಡ್ರಾಯಿಂಗಲ್ಲಿ ಆರು ಮಿಲಿಮೀಟರ್ ದುಂಡಿತ್ತಲ್ಲ, ತಿಂದ್ಬಿಟ್ಯಾ?"

ತಿಂದಿದ್ದ. ಬ್ರಾಕೆಟ್ಟಿಗೆ ನೂರೆಂಟು ತೂತು, ನೂರೆಂಟು ತಿರುವು. ಬಲೆ ಸಲೀಸಾಗಿ ಕೂರಲೆಂದು ಹೋದ ವಾರ ಸಣ್ಣಪುಟ್ಟದ್ದನ್ನೆಲ್ಲ ಅಳಿಸುವಾಗ ಅದೂ ಹೋಗಿತ್ತು. ಚೂಪು ಒಳಮೂಲೆಯಲ್ಲಿ ಬಲೆ ಸಣ್ಣದಾದಷ್ಟೂ ಸಂಖ್ಯೆ ಏರುತ್ತಲೇ ಇರುತ್ತದೆ, ಅದಕ್ಕೆ ಕೊನೆಯಿಲ್ಲ. ಎರಡನೆಯ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಮಾತು. ತಪ್ಪು ಚಿತ್ರದ್ದು, ಉಕ್ಕಿನದಲ್ಲ. ಅವನಿಗೆ ನಾಚಿಕೆಗಿಂತ ಹೆಚ್ಚಾಗಿ ನಿರಾಳವೆನಿಸಿತು.

ಮುಖ್ಯಸ್ಥ ಲೌರೆನ್ಸ್ ಬಾಗಿಲಲ್ಲಿ ಅರ್ಧ ಮುಖ ತೋರಿಸಿದ. "ಗೀಟು ಮಲಗಿತೇನಪ್ಪ?"

"ಮಲಗತ್ತೆ."

"ಮಲಗಿಸು. ಗಿರಾಕಿಗೆ ಮಲಗಿರೋ ಗೀಟೇ ಇಷ್ಟ."

ದುಂಡನ್ನು ಮರಳಿ ಕೂರಿಸಿದ. ನೂರ ಎಂಬತ್ತಮೂರು. ನೂರ ತೊಂಬತ್ತು. ನೂರ ತೊಂಬತ್ತೊಂದು. ನೂರ ತೊಂಬತ್ತೊಂದು. ಗೀಟು ಊಟ ಮಾಡಿದ ಗಂಡಸಿನಂತೆ ಮಲಗಿತು. ಮೊಲೆಫಿ ಸಹಿ ಹಾಕಿದ. ವರದಿ ಲಾರಿ ಚಾಲಕನ ಕೈ ಸೇರಿತು.

ಗಂಟೆ ಮೂರೂಕಾಲು. ಕೆಳಗಿಳಿದರೆ ಮಗ್ವಿನ್ಯ ಖಾಲಿ, ಹೆಂಗಸು ಬಾಣಲೆ ತೊಳೆಯುತ್ತಿದ್ದಳು. ಹಿಂದಿರುಗುವ ದಾರಿಯಲ್ಲಿ ಮಾಡಲು ಬೇರೇನೂ ಇಲ್ಲದೆ, ಬ್ರಾಕೆಟ್ಟು ತಯಾರಾಗುವ ಷೆಡ್ಡಿನೊಳಗೆ ಹೊಕ್ಕ. ಒಂಬತ್ತು ವರ್ಷದಲ್ಲಿ ತಾನು ಪಾಸು ಮಾಡಿದ ಒಂದು ವಸ್ತುವನ್ನೂ ಅವನು ಮುಟ್ಟಿ ನೋಡಿರಲಿಲ್ಲ. ಮುಟ್ಟುವುದು ಅವನ ಕೆಲಸದಲ್ಲಿ ಸೇರಿರಲಿಲ್ಲ.

ಬ್ರಾಕೆಟ್ಟು ಸರಪಳಿಯಲ್ಲಿ ತೂಗುತ್ತಿತ್ತು, ಮೈತುಂಬ ಹೊಸ ಹಳದಿ. ಕೆಳಗೆ ಡಬ್ಬಿಯ ಮೇಲೆ ಕೂತ ಮುದುಕ ಸೆಖೋಬೊ ಬ್ರಷ್ಷು ತೊಳೆಯುತ್ತಿದ್ದ.

"ಬಾ ಮಗ. ಮೇಲಿನವರು ಕೆಳಗೆ ಬಂದ್ರೆ ಮಳೆ ಬರತ್ತೆ ಅಂತಾರೆ."

ಮೊಲೆಫಿ ನಕ್ಕಂತೆ ಮಾಡಿ, ಹೆಬ್ಬೆರಳನ್ನು ಒಳಮೂಲೆಗೆ ಇಟ್ಟ. ದುಂಡಗಿತ್ತು, ನಯವಾಗಿತ್ತು, ಅವನು ಬಿಡಿಸಿದ ಹಾಗೆಯೇ ಇತ್ತು. ಎದೆಯಲ್ಲಿ ಏನೋ ಬೆಚ್ಚಗಾಯಿತು. ಲೋಕ ತನ್ನ ಮಾತು ಕೇಳಿದೆ ಎಂದುಕೊಂಡು ಒತ್ತಿದ. ಉಗುರು ಒಳಗೆ ಇಳಿಯಿತು.

"ನ್ತಾತೆ, ಇಲ್ಲಿ ಮೆತ್ತಗಿದೆ," ಎಂದ, ಹಿರಿಯರನ್ನು ಕರೆಯುವ ಮರ್ಯಾದೆಯಲ್ಲಿ.

"ಇನ್ನೂ ಒಣಗಿಲ್ಲ. ನಾಳೆಗೆ ಕಲ್ಲಾಗತ್ತೆ."

"ಬಣ್ಣಾನಾ?"

"ಪುಟ್ಟಿ." ಮುದುಕ ತಲೆಯೆತ್ತಲಿಲ್ಲ. "ಅಷ್ಟು ಒಳಗೆ ಗ್ರೈಂಡರ್ ಹೋಗಲ್ಲ. ನೀವು ಮೇಲೆ ಕೂತು ದುಂಡು ಅಂತ ಬರೀತೀರಿ. ಇನ್‌ಸ್ಪೆಕ್ಟರ್ ಬಂದು ಆರರ ಅಳತೆ ಗೇಜು ಇಡ್ತಾನೆ, ಕೂತ್ಕೋಬೇಕು. ಕೂರಿಸಿದೀನಿ. ಕೂದಲೆಳೆ ಆಚೀಚೆ ಇಲ್ಲ."

"ಒಳಗೆ ಮೂಲೆ ಹೇಗಿದೆ?"

"ಮೂಲೆ ಮೂಲೆ ಥರ ಇದೆ. ಇನ್ನೆಂಗಿರಬೇಕು?"

ಮೊಲೆಫಿ ಬೆರಳು ತೆಗೆದ. ಗೀರು ಉಳಿಯಿತು.

"ನಮ್ಮ ಅಳಿಯ ಅದೇ ಗಣೀಲಿರೋದು," ಎಂದ ಸೆಖೋಬೊ. "ಕೇಜು ಅಂದ್ರೆ ಜೀವ ಬಾಯಿಗೆ ಬರತ್ತೆ ಅವನಿಗೆ. ನಾನೇ ಹೇಳ್ದೆ, ಹೆದರಬೇಡ ಕಣೋ, ಮೇಲೆ ಓದಿದೋರು ಕಂಪ್ಯೂಟರಲ್ಲಿ ನೋಡಿ ಸಹಿ ಹಾಕ್ತಾರೆ ಅಂತ. ಹಾಕಿದೀಯಲ್ಲ?"

"ಹಾಕಿದೀನಿ."

"ಅಷ್ಟೇ ಮತ್ತೆ."

ಮೇಲೆ ಜೊಲೆಕಾ ಕೇಳಿದಳು: "ಮಗ್ವಿನ್ಯ ಸಿಕ್ತಾ?"

"ಖಾಲಿಯಾಗಿತ್ತು."

ಅವಳಿಗೆ ಹೇಳಬಹುದಿತ್ತು. ಹತ್ತು ಹೆಜ್ಜೆ ನಡೆದರೆ ಲೌರೆನ್ಸನ ಬಾಗಿಲು. ಮೊಲೆಫಿ ಕೂತು, ಬೆಳಗಿನ ತಪ್ಪು ಚಿತ್ರವನ್ನು ತೆರೆದ. ಕಣ್ಣನ್ನು ಅರ್ಧ ಮಿಲಿಮೀಟರಿಗೆ ಇಳಿಸಿದ. ಆರುನೂರ ಇಪ್ಪತ್ತೇಳು. ಕಾಲು ಮಿಲಿಮೀಟರಿಗೆ ಇಳಿಸಿದರೆ ಇನ್ನೂ ಏರುತ್ತದೆ. ಇವುಗಳಲ್ಲಿ ಯಾವುದನ್ನು ಲೌರೆನ್ಸನ ಮುಂದೆ ಹಿಡಿಯುವುದು? ನಿಲ್ಲದ ಸಂಖ್ಯೆ ಸತ್ಯವಲ್ಲ ಎಂದು ಹೊಸಬರಿಗೆ ಪಾಠ ಹೇಳಿದವನು ಅವನೇ. ನಿಂತ ಸಂಖ್ಯೆ ಉಕ್ಕಿನದಲ್ಲ, ಪುಟ್ಟಿಯದು. ಮುದುಕ ಸಹಿಯನ್ನು ನಂಬಿದ್ದ, ಸಹಿ ಮುದುಕನನ್ನು ನಂಬಿತ್ತು, ಅಳಿಯ ಇಬ್ಬರನ್ನೂ ನಂಬಿ ಇಳಿಯಲಿದ್ದ. ಅವನಿಗೆ ಭಯವಾಯಿತು. ಅದಕ್ಕಿಂತ ಹೆಚ್ಚಾಗಿ, ಒಂದೇ ದಿನ ಎರಡು ಸಲ ಪೆದ್ದನೆನಿಸಿಕೊಳ್ಳುವ ಸಂಕೋಚವಾಯಿತು.

"ಮೊಲೆಫಿ, ಇನ್ನೇನಾದ್ರೂ ಬಾಕಿ ಇದೆಯಾ?" ಲೌರೆನ್ಸ್ ಕೋಟು ಹಾಕಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದ.

"ಒಂದು ಸಣ್ಣ..."

"ಸಣ್ಣದಾ? ಹಾಗಾದ್ರೆ ಸೋಮವಾರ."

ಹೆಜ್ಜೆಗಳು ಮೆಟ್ಟಿಲಿಳಿದವು. ಮೊಲೆಫಿ ಎದ್ದು ಕಿಟಕಿಗೆ ಬಂದ. ಏಸಿಗಾಗಿ ಎಂದೋ ಮುಚ್ಚಿ ಬಿಗಿದ ಗಾಜು. ಕೆಳಗೆ ಬ್ರಾಕೆಟ್ಟು ಲಾರಿಯ ಮೇಲೆ ಕೂತಿತ್ತು. ಸೆಖೋಬೊ ಲಾರಿ ಹತ್ತಿ, ಉಗುರಿನ ಗೀರಿಗೆ ಪುಟ್ಟಿ ಸವರಿ, ಅದರ ಮೇಲೆ ಹಳದಿ ಎಳೆದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಅವನು ಇಳಿದ ಮೇಲೆ ಲಾರಿ ಗುರುಗುಟ್ಟಿತು. ಗೇಟು ಇನ್ನೂ ಅರ್ಧವಷ್ಟೇ ತೆರೆದಿತ್ತು.

ಮೊಲೆಫಿ ಗಾಜಿಗೆ ಬಡಿದ. ಒಮ್ಮೆ, ಮತ್ತೊಮ್ಮೆ, ಜೋರಾಗಿ.

ಮುದುಕ ತಲೆಯೆತ್ತಿದ. ಅವನ ಮುಖ ಅರಳಿತು. ಇಷ್ಟು ವರ್ಷದಲ್ಲಿ ಮೇಲಿನಿಂದ ಯಾರೂ ಅವನ ಕೆಲಸವನ್ನು ಮೆಚ್ಚಿ ಕಿಟಕಿ ಬಡಿದಿರಲಿಲ್ಲ. ಬ್ರಷ್ಷನ್ನು ಎಡಗೈಗೆ ಬದಲಾಯಿಸಿಕೊಂಡು ಹೆಬ್ಬೆರಳೆತ್ತಿದ.

ಮೊಲೆಫಿಯ ಕೈ ಗಾಜಿನ ಮೇಲೆ ನಿಂತಿತು. ಆಮೇಲೆ ಅವನೂ ಹೆಬ್ಬೆರಳೆತ್ತಿದ. ಅದರ ಉಗುರಿನಡಿ ಹಳದಿ ಇನ್ನೂ ಹಸಿಯಾಗಿತ್ತು.