ದೊಡ್ಡ ಡಾಕ್ಟರ ನರ

ಆ ಆಸ್ಪತ್ರೆಯಲ್ಲಿ ಅವಳಿಗೆ ಆಮೆ ಎಂದು ಹೆಸರಿಟ್ಟವರು ದೊಡ್ಡ ಡಾಕ್ಟರೇ. ಗುದನಾಳದ ಕ್ಯಾನ್ಸರ್ ಗಡ್ಡೆಯನ್ನು ಅವರು ಕಿತ್ತು ಬಿಸಾಕಿ, ಬಿಟ್ಟು ಹೋದ ಕಾಫಿ ಆರುವುದರೊಳಗೆ ಹೊರಗೆ ಬಂದುಬಿಡುತ್ತಿದ್ದರಂತೆ. ಅವರ ಕೈಕೆಳಗೇ ಸರ್ಜನ್ ಆದ ಆಮೆಯದು ಬೇರೆ ರೀತಿ. ಸೊಂಟದ ಗುಳಿಯೊಳಗೆ ಕಣ್ಣು ನೆಟ್ಟು, ಮೂತ್ರಕೋಶಕ್ಕೆ ಹೋಗುವ ದಾರದೆಳೆಯಂಥ ನರಗಳನ್ನು ಒಂದೊಂದಾಗಿ ಹುಡುಕಿ, ಬಿಡಿಸಿ, ಪಕ್ಕಕ್ಕೆ ಸರಿಸುತ್ತಿದ್ದಳು. ಅವು ತುಂಡಾದರೆ ರೋಗಿ ಬದುಕುತ್ತಾನೆ, ಮೂತ್ರ ಮಾತ್ರ ತಾನಾಗಿ ಬರುವುದಿಲ್ಲ.

"ಹೇನು ಹೆಕ್ತಿದ್ದೀಯೇನಮ್ಮ?" ಎಂದು ದೊಡ್ಡ ಡಾಕ್ಟರು ಎಲ್ಲರೆದುರಿಗೆ ಗೇಲಿ ಮಾಡುತ್ತಿದ್ದರು.

ಅವಳ ಅಪ್ಪನ ಗಡ್ಡೆ ತೆಗೆದವರೂ ಅವರೇ. ಆಮೇಲೆ ಅಪ್ಪ ಸಾಯುವವರೆಗೂ ಮೂತ್ರದ ಟ್ಯೂಬು, ಚೀಲ ಹೊತ್ತೇ ಬದುಕಿದ. ವಾಸನೆ ಬಂದೀತೆಂದು ಒಬ್ಬರ ಮನೆಗೂ ಹೋಗಲಿಲ್ಲ. ಕೇಳಿದರೆ, "ವಯಸ್ಸಾಯ್ತಲ್ಲಮ್ಮ, ಅದಕ್ಕೇ. ಜೀವ ಉಳೀತಲ್ಲ, ಇನ್ನೇನು ಬೇಕು?" ಎಂದು ದೊಡ್ಡ ಡಾಕ್ಟರು ಕೈ ತೊಳೆದುಕೊಂಡಿದ್ದರು. ಅವಳು ಆಗಿನ್ನೂ ವಿದ್ಯಾರ್ಥಿನಿ, ಬಾಯಿ ಮುಚ್ಚಿಕೊಂಡಳು. ಒಳಗಿನ ಬೆಂಕಿ ಮಾತ್ರ ಆರಲಿಲ್ಲ.

ಈಗ ಅದೇ ಗಡ್ಡೆ ದೊಡ್ಡ ಡಾಕ್ಟರಿಗೇ ಬಂತು. ಇಷ್ಟೊಂದು ಸರ್ಜನ್‌ಗಳನ್ನು ಬಿಟ್ಟು ಆಮೆಯ ಕೋಣೆಗೇ ಬಂದು ಕೂತರು. ಯಾಕೆ ಬಂದೆ ಎಂದು ಹೇಳಲು ಮಾತ್ರ ನಾಲಿಗೆ ಏಳಲಿಲ್ಲ.

"ಬೇಗ ಮುಗಿಸು. ನಿನ್ನ ಕಸೂತಿ ನನ್ನ ಮೇಲೆ ಬೇಡ."

"ಮಲಗೋದಷ್ಟೇ ನಿಮ್ಮ ಕೆಲಸ ಸರ್. ಉಳಿದಿದ್ದು ನನಗೆ ಬಿಡಿ."

ಹೊಟ್ಟೆ ತೆರೆದಾಗ ಗಡ್ಡೆ ಎಡಗಡೆಯ ನರಕ್ಕೆ ಒತ್ತಿಕೊಂಡೇ ಕೂತಿತ್ತು. ನಡುವೆ ಈರುಳ್ಳಿ ಸಿಪ್ಪೆಯಷ್ಟು ಪೊರೆ.

"ನರ ಕತ್ತರಿಸಿಬಿಟ್ರೂ ಯಾರೂ ಏನೂ ಅನ್ನಲ್ಲ ಮೇಡಂ," ಎಂದ ಸಹಾಯಕ.

ನಿಜ, ಯಾರೂ ಅನ್ನುತ್ತಿರಲಿಲ್ಲ. ಅವಳ ಕೈ ಒಂದು ಗಳಿಗೆ ನಿಂತಿತು. ಚೀಲದ ಮೇಲೆ ಟವೆಲ್ ಮುಚ್ಚಿಕೊಂಡು ಕೂತ ಅಪ್ಪ ಕಣ್ಣಿಗೆ ಕಟ್ಟಿದ. ಕೊನೆಗೆ ಪೊರೆಯನ್ನು ಗಡ್ಡೆಯ ಕಡೆಗೇ ಉಳಿಸಿಕೊಂಡು, ಕೂದಲೆಳೆಯಷ್ಟೇ ಮುಂದೆ ಸರಿಯುತ್ತ ಬಿಡಿಸಿದಳು. ಗಡ್ಡೆ ಇಡಿಯಾಗಿ ಬಂತು, ಎರಡೂ ಕಡೆಯ ನರ ಉಳಿಯಿತು. ಅವರ ಮೇಲಿನ ಕರುಣೆಯಿಂದಲ್ಲ; ತಾನೂ ಅವರಂತಾಗಬಾರದೆಂಬ ಹಟದಿಂದ.

"ಊತ ಇಳಿಯೋವರೆಗೂ ಟ್ಯೂಬು ಇರಲಿ," ಎಂದು ಹೇಳಿ ಹೋದಳು. ಬೇರೆ ರೋಗಿಯಾಗಿದ್ದರೆ ಕೇಳುತ್ತಿದ್ದ. ಇವರು ಎಲ್ಲ ಬಲ್ಲ ಸರ್ಜನ್. ಮರುದಿನ ಸಿರಿಂಜು ತರಿಸಿಕೊಂಡು, ಟ್ಯೂಬು ಜಾರದಂತೆ ಒಳಗೆ ಹಿಡಿದಿಡುವ ಬಲೂನಿನ ನೀರು ಎಳೆದು, ತಮ್ಮ ಟ್ಯೂಬನ್ನು ತಾವೇ ತೆಗೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಕಿಬ್ಬೊಟ್ಟೆ ಮಡಕೆಯಂತೆ ಉಬ್ಬಿತು. ಒಂದು ಹನಿ ಬರಲಿಲ್ಲ.

ಆಮೆ ಓಡಿ ಬಂದಳು. ಹೆಂಡತಿ ಪಕ್ಕದಲ್ಲಿದ್ದಾರೆಂಬುದನ್ನೂ ನೋಡದೆ ಅವರು ಕಿರುಚಿದರು:

"ಕತ್ತರಿಸಿಬಿಟ್ಟೆ ಅಲ್ವಾ! ನಿಮ್ಮಪ್ಪನಿಗೆ ನಾನು ಮಾಡಿದ್ದನ್ನೇ ನನಗೂ ಮಾಡಿದೆ! ಸೇಡು ತೀರಿಸ್ಕೊಂಡೆ!"



"ನೀವೇನು ಮಾಡಿದ್ರಿ ಸರ್ ನಮ್ಮಪ್ಪನಿಗೆ?" ಎಂದಳು ಆಮೆ. "ವಯಸ್ಸಾಯ್ತು, ಅದಕ್ಕೇ ಅಂದಿದ್ರಲ್ಲ?"

ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

"ಅಂದ್ರೆ ನಿಮಗೆ ಆಗಲೇ ಗೊತ್ತಿತ್ತಾ?" ಎಂದರು ಹೆಂಡತಿ.

ಆಮೆ ಗ್ಲೌಸ್ ಹಾಕಿಕೊಂಡು ಟ್ಯೂಬನ್ನು ಮತ್ತೆ ಸೇರಿಸಿದಳು. ಸಿಟ್ಟಿನಲ್ಲೂ ಕೈ ಹಗುರವಾಗಿತ್ತು. "ನಿಮ್ಮ ನರ ಎರಡೂ ಕಡೆ ಇದೆ. ಇದನ್ನ ಇನ್ನೊಂದ್ಸಲ ಮುಟ್ಟಿದ್ರೆ ಕೈ ಕಟ್ಟಿಸಿಬಿಡ್ತೀನಿ."

ಮುಂದಿನ ವಾರ ಟ್ಯೂಬು ತೆಗೆಸಿ, ಬಚ್ಚಲಮನೆಯ ಬಾಗಿಲ ಹೊರಗೆ ತಾನೇ ನಿಂತಳು. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಹನಿ ಹನಿ, ಆಮೇಲೆ ಧಾರೆ. ಸ್ಕ್ಯಾನ್ ಮಾಡಿದಾಗ ಮೂತ್ರಕೋಶ ಖಾಲಿಯಾಗಿತ್ತು. ಗೆದ್ದೆ ಎಂದು ಅವಳಿಗೆ ನಿಜಕ್ಕೂ ಖುಷಿಯಾಯಿತು, ಹಾಗೆ ಖುಷಿಯಾದದ್ದಕ್ಕೇ ತನ್ನ ಮೇಲೆ ಸಿಟ್ಟೂ ಬಂತು.

ದೊಡ್ಡ ಡಾಕ್ಟರ ಕಣ್ಣು ಒದ್ದೆಯಾಗಿತ್ತು. "ಬಂತಮ್ಮ," ಎಂದು ಕೈ ಮುಂದೆ ಚಾಚಿದರು.

ಅವಳು ಆ ಕೈ ಹಿಡಿಯಲಿಲ್ಲ.

"ಕೇಳಿಸ್ತು ಸರ್. ಟ್ಯೂಬು ಬದಲಿಸೋಕೆ ತೆಗೆದಾಗಲೆಲ್ಲ, ತಾನಾಗಿ ಬರುತ್ತೇನೋ ಅಂತ ನಮ್ಮಪ್ಪ ನಲ್ಲಿ ಬಿಟ್ಕೊಂಡು ಬಚ್ಚಲಲ್ಲಿ ಕೂತಿರ್ತಿದ್ದ. ನಾನು ಹೀಗೇ ಹೊರಗೆ ನಿಂತಿರ್ತಿದ್ದೆ. ನಲ್ಲಿ ಸದ್ದು ಬಿಟ್ರೆ ಬೇರೆ ಸದ್ದು ಒಂದಿನಾನೂ ಕೇಳಿಸ್ಲಿಲ್ಲ."

ಪಕ್ಕದ ಕೋಣೆಯ ರೋಗಿ ಕಾಯುತ್ತಿದ್ದ. ಅವಳು ಅತ್ತ ನಡೆದಳು.